ಕರೆಂಟು ಬಿಲ್ಲಿನ ಸಾಲು

ಜನವರಿ 20, 2025, ಸೋಮವಾರ

ನಗರಸಭೆಯ ಆಯವ್ಯಯದ ಪೂರ್ವಭಾವಿ ಸಭೆ ಮುಗಿಯಿತು. ಕರೆದದ್ದು ಊರಿನವರನ್ನೆಲ್ಲ, ಬಂದದ್ದು ಎಂದಿನ ಮುಖಗಳೇ: ವರ್ತಕರ ಸಂಘದವರು, ನಿವೃತ್ತ ಮೇಷ್ಟ್ರುಗಳು, ಪತ್ರಿಕೆಯವರು. ಬೇಡಿಕೆಗಳೂ ಹಳೆಯವೇ. ವೃತ್ತಕ್ಕೊಂದು ಹೈಮಾಸ್ಟ್ ದೀಪ, ಪಾರ್ಕಿಗೆ ಜಿಮ್ ಸಾಮಾನು, ಸ್ಮಶಾನಕ್ಕೆ ಕಾಂಪೌಂಡು, ಬೀದಿನಾಯಿ ಕಾಟ. ನೀರಿನ ಮಾತೂ ಬಂತು. ‘ಮೂರು ದಿನಕ್ಕೊಂದ್ಸಲ ಬಿಡ್ತೀರಿ, ಅದೂ ಎಲ್ರೂ ಮಲಗಿದ ಮೇಲೆ’ ಎಂದು ಒಬ್ಬ ಮೇಷ್ಟ್ರು ರೇಗಿದರು. ಆ ನೀರಿಗೆ ಎಷ್ಟು ಖರ್ಚಾಗುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಕೇಳದೆ ಇರುವುದಕ್ಕೆ ಕಾರಣ ನಮ್ಮ ಬಜೆಟ್ ಪುಸ್ತಕದಲ್ಲೇ ಇದೆ. ರಾಜ್ಯ ಹಣಕಾಸು ಆಯೋಗದ ಅನುದಾನ, ನಮ್ಮ ಬಾಯಲ್ಲಿ ಎಸ್‌ಎಫ್‌ಸಿ, ತುಂಡುತುಂಡಾಗಿ ಬರುತ್ತದೆ: ಮುಕ್ತನಿಧಿ, ವೇತನ ಅನುದಾನ, ವಿದ್ಯುತ್ ಅನುದಾನ. ವಿದ್ಯುತ್ ಅನುದಾನವನ್ನು ಬೇರೆಯದಕ್ಕೆ ಮುಟ್ಟುವ ಹಾಗಿಲ್ಲ. ಕುಡಿಯುವ ನೀರಿನ ಪಂಪು, ಬೀದಿದೀಪ, ಎರಡರ ಬಿಲ್ಲಿಗೂ ಅದೇ. ಜಮೆಯ ಕಡೆ ಒಂದು ಮೊತ್ತ, ಖರ್ಚಿನ ಕಡೆ ಅದೇ ಮೊತ್ತ. ಓದುವವರ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ನಗರಸಭೆಯ ಅತಿ ದೊಡ್ಡ ಖರ್ಚುಗಳಲ್ಲಿ ಒಂದು, ಸಭೆಯಲ್ಲಿ ಚರ್ಚೆಗೆ ಬರದೆಯೇ ತೀರಿಹೋಗುತ್ತದೆ.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ ನಮ್ಮ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ಜೊತೆ ಹೊಳೆ ದಂಡೆಯ ನೀರೆತ್ತುವ ಬಾವಿಗೆ, ಅಂದರೆ ಜಾಕ್‌ವೆಲ್‌ಗೆ ಹೋಗಿಬಂದೆ. ಲೆಕ್ಕಪತ್ರ ಶಾಖೆಯವರು ಆ ಕಡೆ ತಲೆಹಾಕುವುದು ಅಪರೂಪ. ಪಂಪ್ ಆಪರೇಟರ್ ಎದ್ದು ನಿಂತು ‘ಏನ್ ಮೇಡಂ, ಆಡಿಟ್ಟಾ?’ ಎಂದರು. ‘ಇಲ್ಲ ಅಣ್ಣ, ಸುಮ್ನೆ ನೋಡೋಕೆ’ ಎಂದರೆ ನಂಬಲಿಲ್ಲ.

ಒಂದು ಪಂಪು ಓಡುತ್ತಿತ್ತು, ಒಂದು ಬದಲಿಗೆಂದು ನಿಂತಿತ್ತು, ಇನ್ನೊಂದರ ಮೋಟರು ರಿವೈಂಡಿಂಗಿಗೆ ಹೋಗಿತ್ತು. ಓಡುತ್ತಿದ್ದುದರ ಗ್ಲ್ಯಾಂಡಿನಿಂದ ನೀರು ಚಿಮ್ಮಿ ಚಿಮ್ಮಿ ನೆಲಕ್ಕೆ ಪಾಚಿ ಕಟ್ಟಿದೆ, ಗೋಣಿಚೀಲ ಹಾಸಿದ್ದಾರೆ. ಮೇಜಿನ ಮೇಲೆ ಲಾಗ್ ಬುಕ್ಕು. ಗಂಟೆಗೊಂದು ಸಾಲು, ಅಂದವಾದ ಅಕ್ಷರ: ವೋಲ್ಟೇಜು, ಆಂಪಿಯರು, ಹೊಳೆಯ ಮಟ್ಟ. ಎಷ್ಟು ನೀರು ಮೇಲೆ ಹೋಯಿತು ಎನ್ನುವ ಕಾಲಮ್ಮು ಮಾತ್ರ ಪುಟದಿಂದ ಪುಟಕ್ಕೆ ಖಾಲಿ. ಫ್ಲೋ ಮೀಟರ್ ಕೆಟ್ಟು ಕೂತಿದೆ. ಪಂಪು ಓಡಿದ ಗಂಟೆಯನ್ನು ಅದರ ತಗಡಿನ ಮೇಲೆ ಕೊರೆದಿರುವ ಸಾಮರ್ಥ್ಯದಿಂದ ಗುಣಿಸಿ, ಅದನ್ನೇ ‘ದಿನದ ಸರಬರಾಜು’ ಎಂದು ಕಚೇರಿಯಲ್ಲಿ ಬರೆಯುತ್ತಾರೆ. ಪಂಪು ಹೊಸದಾಗಿದ್ದಾಗಿನ ಸಾಮರ್ಥ್ಯ ಅದು.

ಸಂಜೆ ಕೂತು ಲೆಕ್ಕ ಹಾಕಿದೆ. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಮೇಲಕ್ಕೆತ್ತಲು ಬರಿಯ ಲೆಕ್ಕದ ಪ್ರಕಾರ 0.27 ಯೂನಿಟ್ ಸಾಕು. ಪಂಪು ಮೋಟರು ಸೇರಿ ಅರ್ಧ ಶಕ್ತಿಯನ್ನು ಪೋಲು ಮಾಡಿದರೆ ಅಷ್ಟೇ ನೀರಿಗೆ 0.54 ಯೂನಿಟ್. ಪವರ್ ಫ್ಯಾಕ್ಟರ್ ಕುಸಿದರೆ ದಂಡ ಬೇರೆ. ಇನ್ನು ನಿಗದಿತ ಶುಲ್ಕ, ಪಂಪು ಓಡಲಿ ಬಿಡಲಿ ಕಟ್ಟಬೇಕು.

ಇಲ್ಲೊಂದು ವಿಚಿತ್ರವಿದೆ. ಪಂಪಿನೊಳಗೆ ತಿರುಗುವ ಚಕ್ರ, ಅಂದರೆ ಇಂಪೆಲ್ಲರು, ಸವೆದರೆ ಅದನ್ನು ಬದಲಿಸುವ ದುಡ್ಡು ನಗರಸಭೆಯ ಸ್ವಂತ ನಿಧಿಯಿಂದ ಹೋಗುತ್ತ ಬಂದಿದೆ. ಸವೆದದ್ದರಿಂದ ಏರಿದ ಬಿಲ್ಲು ಸರ್ಕಾರದ ವಿದ್ಯುತ್ ಅನುದಾನದಿಂದ ಹೋಗುತ್ತದೆ. ಹೀಗಿರುವಾಗ ರಿಪೇರಿಗೆ ಯಾರಿಗೆ ಅವಸರ? ಎಇಇ ತಪ್ಪಲ್ಲ, ಪೌರಾಯುಕ್ತರ ತಪ್ಪೂ ಅಲ್ಲ. ಉಳಿಸಿದವರಿಗೆ ಏನೂ ಸಿಗದ ಹಾಗೆ ವ್ಯವಸ್ಥೆ ಕಟ್ಟಿದೆ.

ಬೆಂಗಳೂರಿನವರ ಪಾಡು ನೆನೆದರೆ ನಮ್ಮದು ಎರಡು ಮೆಟ್ಟಿಲು ಹತ್ತಿದ ಹಾಗೆ. ಕಳೆದ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ್ದು ದಿನಕ್ಕೆ 77.5 ಕೋಟಿ ಲೀಟರ್ ಯೋಜನೆ. ನೀರು ಹೊರಡುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿಗೆ ಹತ್ತಿರದ ಎತ್ತರ. ಆದರೆ ಅಲ್ಲಿ 1964ರಿಂದ ಜಲಮಂಡಳಿ ಎಂದು ಪ್ರತ್ಯೇಕವಾಗಿದೆ. ಆದಾಯ ಅದರದೇ, ಕರೆಂಟು ಬಿಲ್ಲೂ ಅದರದೇ. ನೀರಿನ ಬೆಲೆ ಅವರಿಗೆ ಗೊತ್ತು.

ಫೆಬ್ರವರಿ 24, ಸೋಮವಾರ

ಅನಧಿಕೃತ ಬಡಾವಣೆಗಳ ಆಸ್ತಿಗೆ ಬಿ ಖಾತೆ ಕೊಡುವ ಅಭಿಯಾನ. ಬೆಳಗಿನಿಂದ ಕೌಂಟರಿನ ಮುಂದೆ ಜನ, ಕೈಯಲ್ಲಿ ಕ್ರಯಪತ್ರದ ಜೆರಾಕ್ಸು. ಬಿಲ್ ಕಲೆಕ್ಟರುಗಳೆಲ್ಲ ಅದಕ್ಕೇ. ನೀರಿನ ಬಾಕಿ ವಸೂಲಿ ನಿಂತೇಹೋಗಿದೆ.

ಮಾರ್ಚ್ 5, ಬುಧವಾರ

ಕರಡು ಸಿದ್ಧವಾಯಿತು. ಕೇಂದ್ರದ 15ನೇ ಹಣಕಾಸು ಆಯೋಗಕ್ಕೆ ಈ ಬಜೆಟ್ಟಿನ ವರ್ಷವೇ ಕೊನೆಯದು. ಅದರ ದುಡ್ಡಲ್ಲಿ ಶೇ 60 ಕಟ್ಟುಪಾಡಿನದು. ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯ ಮತ್ತು ಕಸಕ್ಕೆ. ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ 7.25, ಅಂಗವಿಕಲರಿಗೆ 5 ಎತ್ತಿಟ್ಟೆ. ಇವೆಲ್ಲ ಸಲೀಸು.

ಕಷ್ಟ ಇರುವುದು ನೀರಿನ ಶುಲ್ಕದ ಸಾಲಿನಲ್ಲಿ. ನಮ್ಮದು ಮನೆಗಿಷ್ಟು ಎನ್ನುವ ಮಾಸಿಕ ದರ; ಸಂಪು ತುಂಬಿ ಕಾರು ತೊಳೆಯುವವರಿಗೂ ಎರಡು ಕೊಡ ಹಿಡಿಯುವವರಿಗೂ ಒಂದೇ. ಡಿಸಿಬಿ ತೆರೆದರೆ ಬೇಡಿಕೆ, ವಸೂಲಿ, ಬಾಕಿ. ಬಾಕಿ ಮುಂದಿನ ವರ್ಷದ ಬೇಡಿಕೆಗೆ ಸೇರುತ್ತದೆ, ಅದರ ಮುಂದಿನ ವರ್ಷಕ್ಕೆ ಮತ್ತೆ. ಅದರಲ್ಲಿ ಮನೆಯೇ ಬಿದ್ದುಹೋದ ಸಂಪರ್ಕಗಳಿವೆ, ಸರ್ಕಾರಿ ಕಚೇರಿಗಳದ್ದೂ ಇವೆ. ಅಷ್ಟನ್ನೂ ‘ಈ ಸಾಲಿನಲ್ಲಿ ನಿರೀಕ್ಷಿತ’ ಎಂದು ಜಮೆಗೆ ಬರೆದುಬಿಟ್ಟರೆ ಬಜೆಟ್ಟು ತಾನಾಗಿ ಉಳಿತಾಯಕ್ಕೆ ಬರುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಉಳಿತಾಯ ಬಜೆಟ್ ಮಂಡನೆ’.

ಈ ಸಲ ಮೂರು ವರ್ಷದ ನಿಜವಾದ ವಸೂಲಿಯ ಸರಾಸರಿಯನ್ನಷ್ಟೇ ಬರೆದೆ. ಜೊತೆಗೆ ಒಂದು ಪುಟ ಸೇರಿಸಿದೆ: ನೀರು ಸರಬರಾಜಿನದೇ ಪ್ರತ್ಯೇಕ ಜಮಾಖರ್ಚು. ಕರೆಂಟು, ಆಲಂ, ಕ್ಲೋರಿನ್, ನೀರುಗಂಟಿಗಳ ಸಂಬಳ, ಪೈಪು ರಿಪೇರಿ ಒಂದು ಕಡೆ; ಶುಲ್ಕ ಇನ್ನೊಂದು ಕಡೆ. ಬಂದ ಶುಲ್ಕ ಕರೆಂಟಿಗೇ ಸಾಲದು, ಉಳಿದದ್ದರ ಮಾತು ಬಿಡಿ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2008ರಲ್ಲೇ ಸೇವಾ ಮಾನದಂಡ ಗೊತ್ತು ಮಾಡಿತ್ತು: ತಲೆಗೆ ದಿನಕ್ಕೆ 135 ಲೀಟರ್, ಇಪ್ಪತ್ನಾಲ್ಕು ಗಂಟೆ ನೀರು, ಸೋರಿಕೆ ಶೇ 20 ಮೀರಬಾರದು, ನಡೆಸುವ ಖರ್ಚು ಪೂರ್ತಿ ಶುಲ್ಕದಿಂದಲೇ ಹುಟ್ಟಬೇಕು. ಫ್ಲೋ ಮೀಟರೇ ಇಲ್ಲದವರು ಸೋರಿಕೆಯನ್ನು ಯಾವುದರಿಂದ ಅಳೆಯುವುದು?

ಮಾರ್ಚ್ 21, ಶುಕ್ರವಾರ

ಪತ್ರಿಕೆ ನೋಡಿ ಕಾಫಿ ಕಹಿಯಾಯಿತು. ಏಪ್ರಿಲ್ 1ರಿಂದ ಕರೆಂಟಿಗೆ ಯೂನಿಟ್ಟಿಗೆ 36 ಪೈಸೆ ಹೆಚ್ಚುವರಿ, ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು. ಪಂಪಿಗೂ ಬಿಡುವುದಿಲ್ಲ. ಪುಸ್ತಕ ಅಚ್ಚಿಗೆ ಹೋಗಿಯಾಗಿದೆ. ವಿದ್ಯುತ್ ಸಾಲನ್ನು ತಿದ್ದೋಣವೇ ಎಂದು ಪೌರಾಯುಕ್ತರನ್ನು ಕೇಳಿದೆ. ‘ಅನುದಾನ ಹೆಚ್ಚು ಮಾಡ್ತಾರೋ ಇಲ್ವೋ ಗೊತ್ತಿಲ್ಲ. ಈಗ ಬೇಡ ಮೇಡಂ, ಪರಿಷ್ಕೃತ ಬಜೆಟ್ಟಲ್ಲಿ ನೋಡೋಣ’ ಎಂದರು. ಅವರು ಹೇಳಿದ್ದರಲ್ಲೂ ಅರ್ಥವಿದೆ. ಆದರೆ ಅನುದಾನ ಹೆಚ್ಚದಿದ್ದರೆ ಈ ಹೆಚ್ಚುವರಿ ಶುಲ್ಕ ವಿದ್ಯುತ್ ಕಂಪನಿಗೆ ಕೊಡಬೇಕಾದ ಬಾಕಿಯಾಗಿ ಬೆಳೆಯುತ್ತದೆ, ಅಷ್ಟೇ.

ಮಾರ್ಚ್ 27, ಗುರುವಾರ

ಬಜೆಟ್ ಸಭೆ. ಅಧ್ಯಕ್ಷರು ಭಾಷಣ ಓದಿದರು. ಉಳಿತಾಯ ಕಡಿಮೆಯಾದದ್ದಕ್ಕೆ ಮೊದಲು ಆಕ್ಷೇಪ ಬಂತು, ‘ಹೋದ ವರ್ಷ ಇದಕ್ಕಿಂತ ಚೆನ್ನಾಗಿತ್ತಲ್ಲ?’ ಆಮೇಲೆ ಹೈಮಾಸ್ಟ್ ದೀಪಕ್ಕೆ ಯಾವ ವಾರ್ಡು ಎಂದು ಬಹಳ ಹೊತ್ತು. ನನ್ನ ಪುಟ ಅನುಬಂಧದ ಕೊನೆಗೆ ಹೋಗಿತ್ತು. ಅದನ್ನು ಬಿಡಿಸಿ ನೋಡಿದವರು ಒಬ್ಬರೇ, ಹೊಳೆಯಿಂದ ದೂರದ ಎತ್ತರದ ವಾರ್ಡಿನ ಸದಸ್ಯೆ. ‘ಸಾರ್, ನಮ್ಮ ಕಡೆ ನೀರು ಏರೋದೇ ಇಲ್ಲ. ಇಷ್ಟೊಂದು ಕರೆಂಟು ಎಲ್ಲಿಗೆ ಹೋಗ್ತಿದೆ ಹಾಗಾದ್ರೆ?’ ಎಂದು ಕೇಳಿದರು. ಸಭಾಂಗಣ ಸ್ವಲ್ಪ ಹೊತ್ತು ಸುಮ್ಮನಾಯಿತು. ಎಇಇ ಎದ್ದು ಫ್ಲೋ ಮೀಟರಿನ ಸಂಗತಿ ಹೇಳಿದರು. ಮೀಟರು ಕೂರಿಸಲು, ಇಂಪೆಲ್ಲರು ಬದಲಿಸಲು 15ನೇ ಆಯೋಗದ ನೀರಿನ ಬಾಬ್ತಿನಿಂದ ಹಣ ಎಂದು ನಿರ್ಣಯವಾಯಿತು. ನೀರಿನ ದರದ ವಿಷಯ ಮುಂದಿನ ಸಭೆಗೆ.

ಭಾನುವಾರ ಯುಗಾದಿ, ಸೋಮವಾರ ರಂಜಾನ್. ಮಾರ್ಚ್ ಕೊನೆಯ ಬಿಲ್ಲುಗಳನ್ನೆಲ್ಲ ನಾಳೆ, ನಾಡಿದ್ದೇ ಮುಗಿಸಬೇಕು.

ಏಪ್ರಿಲ್ 11, ಶುಕ್ರವಾರ

ಬೆಂಗಳೂರು ಜಲಮಂಡಳಿ ದರ ಏರಿಸಿದೆ, 2014ರ ನಂತರ ಇದೇ ಮೊದಲು. ಇನ್ನು ಮುಂದೆ ಪ್ರತಿ ಏಪ್ರಿಲ್ಲಿಗೆ ಶೇ 3ರಂತೆ ಏರುತ್ತದೆ. ಹತ್ತು ವರ್ಷ ಸುಮ್ಮನಿದ್ದು ಒಮ್ಮೆಲೇ ಏರಿಸುವುದಕ್ಕಿಂತ ವರ್ಷವರ್ಷ ಇಷ್ಟಿಷ್ಟೇ ಏರಿಸುವುದು ಸರಿ ಎಂದು ನನಗನ್ನಿಸುತ್ತದೆ. ಟೀ ಅಂಗಡಿಯಲ್ಲಿ ಯಾರೂ ಒಪ್ಪಲಿಲ್ಲ.

ಇಲ್ಲಿ ಕೌಂಟರಿನಲ್ಲಿ ಆಸ್ತಿ ತೆರಿಗೆಗೆ ಸಾಲು. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ. ತೆರಿಗೆಯ ರಸೀದಿ ಮಡಿಸಿಕೊಂಡ ಒಬ್ಬರು ‘ನೀರಿಂದು ಆಮೇಲೆ ಕಟ್ತೀನಿ, ಅದಕ್ಕೇನೂ ರಿಯಾಯಿತಿ ಇಲ್ವಲ್ಲ?’ ಎಂದು ಹೊರಟರು.

ಮಧ್ಯಾಹ್ನ ಫ್ಲೋ ಮೀಟರಿನ ಟೆಂಡರ್ ಕಡತಕ್ಕೆ ಪೌರಾಯುಕ್ತರ ಸಹಿ ಬಿತ್ತು. ದರ ಪರಿಷ್ಕರಣೆಯ ಟಿಪ್ಪಣಿಯನ್ನೂ ಈಗಲೇ ಮಂಡಿಸೋಣವೇ ಎಂದು ಕೇಳಿದರು. ಮೀಟರು ಓದಲು ಶುರುವಾಗಲಿ, ಮಳೆಗಾಲ ಕಳೆಯಲಿ, ಆಮೇಲೆ ಎಂದು ಬರೆದು ಕಳಿಸಿದ್ದೇನೆ. ಎಷ್ಟು ಸೋರುತ್ತದೆ ಎಂದು ತಿಳಿಯುವ ಮೊದಲೇ ಏರಿಸಿದರೆ, ಸೋರಿದ ನೀರಿನ ದುಡ್ಡನ್ನೂ ನಿಯತ್ತಾಗಿ ಕಟ್ಟುವವರಿಂದಲೇ ಕಿತ್ತ ಹಾಗಾಗುತ್ತದೆ.