ಕೋಲಾರದ ಬೆಟ್ಟ, ಇಂದಿರಾನಗರದಲ್ಲಿ ಜರ್ಮನ್ ಹಬ್ಬ

ವಾರಾಂತ್ಯ ಬಂತೆಂದರೆ ಅರ್ಧ ಬೆಂಗಳೂರು ನಂದಿಬೆಟ್ಟದ ತಿರುವುಗಳಲ್ಲಿ ಸಾಲುಗಟ್ಟಿ ನಿಂತಿರುತ್ತದೆ. ಕೃಷ್ಣರಾಜಪುರದ ಕಡೆಯವರಿಗೆ ಆ ಕಷ್ಟ ಯಾಕೆ ಬೇಕು? ಕೋಲಾರದ ಬಸ್ಸು ಹತ್ತಿ ಕೂತರೆ ಹಳೇ ಮದ್ರಾಸ್ ರಸ್ತೆ ಹೊಸಕೋಟೆ, ನರಸಾಪುರ ದಾಟಿಸಿ ನೇರ ಅಂತರಗಂಗೆಯ ಬೆಟ್ಟದ ಊರಿಗೇ ಮುಟ್ಟಿಸುತ್ತದೆ. ಸೆಪ್ಟೆಂಬರ್ ಕೊನೆಯ ಶನಿವಾರ ಬೆಳಕು ಹರಿಯುವ ಮೊದಲೇ ಗೆಳೆಯರ ಜೊತೆ ಹೊರಟೆ.

ಅಂತರಗಂಗೆ ಶತಶೃಂಗ ಪರ್ವತಸಾಲಿನ ಭಾಗ. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಅದರ ಕಲ್ಯಾಣಿ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ಬೊಗಸೆಯೊಡ್ಡಿದೆ, ತಣ್ಣನೆಯ ನೀರು. ಬರಗಾಲದ ಜಿಲ್ಲೆಯೆಂದು ಹೆಸರಾದ ಕೋಲಾರದಲ್ಲಿ ಇಂಥದೊಂದು ಒರತೆ ಇರುವುದನ್ನು ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಗುಡಿಯ ಮೇಲಿನಿಂದ ನಿಜವಾದ ಚಾರಣ ಶುರು. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದು, ನಡುವಿನ ಸಂದುಗಳೇ ಗವಿಗಳಾಗಿವೆ. ಒಂದು ಕಡೆ ಬ್ಯಾಗು ಕಳಚಿ ಮುಂದೆ ತಳ್ಳಿ, ಎದೆಯನ್ನು ಕಲ್ಲಿಗೆ ಒತ್ತಿಕೊಂಡು ಅಡ್ಡಡ್ಡ ಸರಿಯಬೇಕು. ಒಳಗೆ ಬಾವಲಿಯ ವಾಸನೆ, ಕೈಗೆ ತರಿತರಿ ಕಲ್ಲು. ಹೊರಬಂದ ಕೂಡಲೇ ಮುಖಕ್ಕೆ ಗಾಳಿ. ಬೆಟ್ಟದ ನೆತ್ತಿಯ ಮೇಲೂ ತೇರಹಳ್ಳಿಯಂಥ ಊರುಗಳಿವೆ, ಹೊಲಗಳಿವೆ.

ಮೇಲೆ ನಿಂತು ನೋಡಿದರೆ ಕೆಳಗೆ ಬಯಲು, ಅಲ್ಲಲ್ಲಿ ಹೊಳೆಯುವ ಕೆರೆಗಳು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿದು ಬರುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು. ನಮಗೆ ಇಲ್ಲಿಂದ ಬರುವುದು ಟೊಮೆಟೊ, ಹಾಲು, ಸೊಪ್ಪು. ಈ ಲೆಕ್ಕದಲ್ಲಿ ಬಾಕಿ ಯಾರದೆಂದು ಹೇಳಬೇಕಿಲ್ಲ.

ಮರುದಿನ ಸಂಜೆ ಕೆ.ಆರ್. ಪುರದಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಇಂದಿರಾನಗರ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿವರೆಗಿನ ಕೊಂಡಿ ಕೂಡಿದ ಮೇಲೆ ಇದು ಸಲೀಸು. ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇರುವ ಬಡಾವಣೆಯಿದು. ಅಕ್ಟೋಬರ್‌ಫೆಸ್ಟ್ ಇಲ್ಲಿಗೆ ಪರಕೀಯವಲ್ಲ. ಬಿಯರ್ ಅಲ್ಲೇ ತಯಾರಿಸುವ ಪಬ್ಬೊಂದರಲ್ಲಿ ನೀಲಿ-ಬಿಳಿ ಬಾವುಟ, ಉದ್ದನೆಯ ಮರದ ಮೇಜು, ಅಕಾರ್ಡಿಯನ್. ಗುರುತಿಲ್ಲದವರೂ ಹೆಗಲಿಗೆ ಹೆಗಲು ತಾಗಿಸಿ ಒಂದೇ ಬೆಂಚಿನಲ್ಲಿ. ಮೇಲೆ ಉಪ್ಪಿನ ಹರಳು ಮೆತ್ತಿದ, ಗಂಟು ಹಾಕಿದಂತಿದ್ದ ಪ್ರೆಟ್ಸೆಲ್ ಮುರಿದು ಪಕ್ಕದವರಿಗೂ ಕೊಟ್ಟೆ. ನಿನ್ನೆ ಬೆಟ್ಟ ಹತ್ತಿದ ಕಾಲಿಗೆ ಆ ಬೆಂಚು ಹಿತವಾಗಿತ್ತು.

ಈ ಹಬ್ಬದ ಮೂಲ ಮ್ಯೂನಿಕ್. 1810ರ ಅಕ್ಟೋಬರ್ 12ರಂದು ಬವೇರಿಯಾದ ಯುವರಾಜ ಲುಡ್ವಿಗ್ ಮತ್ತು ರಾಜಕುಮಾರಿ ತೆರೇಸಾ ಮದುವೆಯಾದರು. ಆ ಸಂಭ್ರಮ ಊರಾಚೆಯ ಹುಲ್ಲುಗಾವಲಿನಲ್ಲಿ ಕುದುರೆ ಓಟದೊಂದಿಗೆ ಮುಗಿಯಿತು. ಮರುವರ್ಷ ಅದಕ್ಕೆ ಕೃಷಿ ಮೇಳವೂ ಸೇರಿತು. ಅಂದರೆ ಅದು ನಮ್ಮ ದನಗಳ ಜಾತ್ರೆಯ ಬಂಧುವೇ. ಬಿಯರಿನ ದೊಡ್ಡ ಡೇರೆಗಳು ಬಂದದ್ದು ಆಮೇಲೆ. ಬೆಂಗಳೂರಿಗೆ ಬಂದಿರುವುದು ಮಗ್ಗು, ಸಂಗೀತ, ಉಡುಪು. ರೈತ ಮಾತ್ರ ಬಂದಿಲ್ಲ. ಹಬ್ಬ ಚೆನ್ನಾಗಿತ್ತು, ಮನಸಾರೆ ಕುಣಿದೆವು. ಆದರೂ ಈ ಕೊರತೆ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಬ್ಬ ನಡೆಸುವವರಲ್ಲಿ ಒಂದು ಕೋರಿಕೆ: ಮುಂದಿನ ಸಲ ಕೋಲಾರದ ಬೆಳೆಗಾರರಿಗೆ ನಾಲ್ಕು ಮಳಿಗೆ ಕೊಡಿ, ಅವರ ಟೊಮೆಟೊ, ರಾಗಿ, ಮಾವಿನ ಉಪ್ಪಿನಕಾಯಿ ಆ ಉದ್ದ ಮೇಜಿಗೆ ಬರಲಿ. ಬೆಟ್ಟಕ್ಕೆ ಹೋಗುವವರಲ್ಲಿ ಇನ್ನೊಂದು: ಅಂತರಗಂಗೆಯ ಗವಿಗಳಲ್ಲಿ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ ಬಿಡಬೇಡಿ. ಒಯ್ದದ್ದನ್ನು ವಾಪಸ್ ತನ್ನಿ.