ಗುರುಗಳು ಕೇಳಿದ ‘ದನಸಹಾಯ’

ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ವರ್ಷಗಳಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕನ ಹೊಣೆ ಹಲವು ಬಾರಿ ನನ್ನ ಹೆಗಲೇರಿತ್ತು. ಆ ದಿನಗಳಲ್ಲಿ ನನಗೆ ಅತ್ಯಂತ ಭಯಭಕ್ತಿಯ ವಸ್ತುವೆಂದರೆ ಪ್ರಶ್ನೆಪತ್ರಿಕೆಯ ಲಕೋಟೆ. ಖಜಾನೆಯಿಂದ ಹೊರಬರುವಾಗ ಒಬ್ಬರ ಸಹಿ, ಕೇಂದ್ರ ತಲುಪಿದಾಗ ಇನ್ನೊಬ್ಬರ ಸಹಿ, ಮುದ್ರೆ ಒಡೆಯುವ ಮುನ್ನ ಎಲ್ಲರಿಗೂ ತೋರಿಸಿ ಮತ್ತೆ ಸಹಿ. ಖಜಾನೆಯ ಬಾಗಿಲಿಗೆ ಜೋಡಿ ಕೀಲಿ. ಎರಡು ಕೀಲಿಕೈಗಳು ಇಬ್ಬರ ಬಳಿ. ಒಬ್ಬನು ಎಷ್ಟೇ ಪ್ರಾಮಾಣಿಕನಾಗಿರಲಿ, ಒಬ್ಬನೇ ಬಂದರೆ ಬಾಗಿಲು ತೆರೆಯದು. ಇಷ್ಟೆಲ್ಲ ಇದ್ದೂ 2016ರ ಮಾರ್ಚ್ ತಿಂಗಳಲ್ಲಿ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪತ್ರಿಕೆ ಒಂದಲ್ಲ, ಎರಡು ಸಲ ಸೋರಿಕೆಯಾಯಿತು. ಆಗ ನಾನು ಮನೆಯ ಕಟ್ಟೆಯ ಮೇಲೆ ಕುಳಿತು, “ಕೀಲಿ ಕಾಯುವವರಿಗೆ ಶಿಸ್ತು ಇಲ್ಲದಿದ್ದರೆ ಹೀಗೆಯೇ” ಎಂದು ಬಂದವರಿಗೆಲ್ಲ ಉಪದೇಶಿಸಿದ್ದುಂಟು.

ಅಂಥ ಉಪದೇಶಕನಾದ ನಾನೇ 2023ರ ಶ್ರಾವಣದ ಒಂದು ಬೆಳಗ್ಗೆ, ಚಹಾ ಕುಡಿಯುತ್ತ, ಕೀಲಿಕೈಗಳನ್ನೆಲ್ಲ ಕಳ್ಳನ ಕೈಗೆ ಕೊಟ್ಟೆ. ಆ ಕಥೆಯನ್ನು ಇಷ್ಟು ದಿನ ಬರೆಯದಿದ್ದುದು ನಾಚಿಕೆಯಿಂದ. ಈಗ ಬರೆಯುತ್ತಿರುವುದು, ಅದರಿಂದ ತೊಂದರೆಗೊಳಗಾದವರು ನನ್ನ ವಿದ್ಯಾರ್ಥಿಗಳೇ ಆದುದರಿಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಬ್ಬಳ್ಳಿಯಲ್ಲಿ ಒಂದು ಪುಟ್ಟ ತಾಂತ್ರಿಕ ಸೇವಾಸಂಸ್ಥೆಯನ್ನು ನಡೆಸುತ್ತಾನೆ. ಕಚೇರಿಗಳು ಬಿಟ್ಟುಕೊಟ್ಟ ಹಳೆಯ ಗಣಕಯಂತ್ರಗಳನ್ನು ದುರಸ್ತಿಗೊಳಿಸಿ ಹಳ್ಳಿಯ ಶಾಲೆಗಳಿಗೆ ಕೊಡುವುದು, ಶಾಲೆಗಳ ಹಳೆಯ ವಾರ್ಷಿಕ ಸಂಚಿಕೆಗಳನ್ನು, ಕೈಬರಹದ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಉಳಿಸುವುದು ಅದರ ಕೆಲಸ. ಸಂಬಳದವರು ಮೂವರು, ಉಳಿದವರು ಬಿಡುವಿದ್ದಾಗ ಬಂದು ದುಡಿಯುವ ಹುಡುಗರು. ಲಾಭವಿಲ್ಲದ ಸಂಸ್ಥೆ, ಧರ್ಮದರ್ಶಿಗಳಲ್ಲಿ ನಾನೂ ಒಬ್ಬ. ಹಳೆಯ ವಿದ್ಯಾರ್ಥಿಗಳನ್ನು ಸಂಪರ್ಕಿಸುವ ಕೆಲಸ ನನ್ನದಾದ್ದರಿಂದ ಸಂಸ್ಥೆಯ ಮಿಂಚಂಚೆಯ ಪಾಸ್‌ವರ್ಡು ನನ್ನಲ್ಲಿಯೂ ಇತ್ತು. ಅದು ಊರಿನ ಹೆಸರು, ಅದರ ಮುಂದೆ ನಾನು ಕೆಲಸಕ್ಕೆ ಸೇರಿದ ಇಸವಿ. ಐದು ಜನ ಅದೊಂದನ್ನೇ ಬಳಸುತ್ತಿದ್ದೆವು.

ಆ ಬೆಳಗ್ಗೆ ಒಂದು ಅಂಚೆ ಬಂದಿತ್ತು. ನಿಮ್ಮ ಖಾತೆಯಲ್ಲಿ ಸ್ಥಳ ತುಂಬಿದೆ, ಇಂದು ಸಂಜೆಯೊಳಗೆ ದೃಢಪಡಿಸದಿದ್ದರೆ ಎಲ್ಲ ಅಳಿಸಿಹೋಗುವುದು ಎಂಬ ಎಚ್ಚರಿಕೆ. ಎಷ್ಟೋ ಶಾಲೆಗಳ ಸಂಚಿಕೆಗಳು ಅಳಿದುಹೋದಾವೆಂಬ ಗಾಬರಿಯಲ್ಲಿ ಅದರೊಳಗಿನ ಕೊಂಡಿಯನ್ನು ಒತ್ತಿದೆ. ಪರಿಚಿತ ಪುಟವೇ ತೆರೆಯಿತು. ಪಾಸ್‌ವರ್ಡು ಕೇಳಿತು, ಕೊಟ್ಟೆ. ‘ಧನ್ಯವಾದಗಳು’ ಎಂದಿತು. ನೆಮ್ಮದಿಯಿಂದ ಚಹಾ ಮುಗಿಸಿದೆ.

ಆ ಖಾತೆಯಲ್ಲಿ ನಿಮ್ಮೆಲ್ಲರ ಪಟ್ಟಿ ಇತ್ತು: ಹೆಸರು, ಮೊಬೈಲ್ ಸಂಖ್ಯೆ, ಯಾವ ವರ್ಷದ ತಂಡ, ಈಗ ಎಲ್ಲಿ ಕೆಲಸ. ನಾಲ್ಕೈದು ದಿನಗಳಲ್ಲಿ, ನನ್ನ ಭಾವಚಿತ್ರ ಹೊತ್ತ ಅಪರಿಚಿತ ಸಂಖ್ಯೆಯೊಂದರಿಂದ ನಿಮ್ಮಲ್ಲಿ ಅನೇಕರಿಗೆ ವಾಟ್ಸ್‌ಆ್ಯಪ್ ಸಂದೇಶ ಬಂದಿತು. ನಾನು ಆಸ್ಪತ್ರೆಯಲ್ಲಿದ್ದೇನೆ, ಮನೆಯವರಿಗೆ ತಿಳಿಸಬೇಡ, ತುರ್ತಾಗಿ ಹಣ ಬೇಕು ಎಂದು. ಪಟ್ಟಿ ಕೈಯಲ್ಲಿದ್ದುದರಿಂದ ನಿಮ್ಮ ತಂಡದ ವರ್ಷವನ್ನೂ ಸರಿಯಾಗಿ ನಮೂದಿಸಿದ್ದರು.

ಹೆಚ್ಚಿನವರನ್ನು ಕಾಪಾಡಿದ್ದು ಕನ್ನಡ ವ್ಯಾಕರಣ! ಬೆಂಗಳೂರಿನಲ್ಲಿರುವ ಒಬ್ಬ ಶಿಷ್ಯ ನನಗೆ ಕರೆಮಾಡಿ, “ಸರ್, ಆರಾಮ ಅದೀರಿಲ್ರೀ? ಯಾರೋ ನಿಮ್ಮ ಹೆಸರಿನ್ಯಾಗ ‘ದನಸಹಾಯ’ ಮಾಡು ಅಂತ ಬರದಾರ. ಅಲ್ಪಪ್ರಾಣ ಮಹಾಪ್ರಾಣಕ್ಕ ಬೆತ್ತ ಹಿಡೀತಿದ್ದ ನಮ್ಮ ಮಾಸ್ತರು ಹಿಂಗ ಬರಿಯೂದಿಲ್ಲ ಅಂತ ಖಾತ್ರಿ ಆತು” ಎಂದು ನಕ್ಕ. ನಾನೂ ನಕ್ಕೆ, ಮರುಕ್ಷಣವೇ ಎದೆ ಝಲ್ಲೆಂದಿತು. ಕೂಡಲೇ ತಿಳಿದವರಿಗೆಲ್ಲ ಕರೆಮಾಡತೊಡಗಿದೆ.

ಮೂರನೆಯ ದಿನ ಒಬ್ಬ ವಿದ್ಯಾರ್ಥಿನಿ ಸಿಕ್ಕಳು. ಗಂಡನಿಲ್ಲದೆ, ಹೊಲಿಗೆಯಿಂದ ಸಂಸಾರ ನಡೆಸುವ ಹೆಣ್ಣುಮಗಳು. ಅವಳು ಮಗಳ ಕಾಲೇಜಿನ ಶುಲ್ಕಕ್ಕೆಂದು ಇರಿಸಿದ್ದ 12,000 ರೂಪಾಯಿಯನ್ನು ಸಂದೇಶ ಬಂದ ಹತ್ತು ನಿಮಿಷದೊಳಗೆ ಕಳಿಸಿಬಿಟ್ಟಿದ್ದಳು. “ಒಂದು ಮಾತು ನನ್ನನ್ನು ಕೇಳಬಾರದಿತ್ತೇನವ್ವ?” ಎಂದೆ.

“ಗುರುಗಳು ಕೇಳ್ಯಾರ ಅಂದ್ರ ಯಾಕ ಅಂತ ಹೆಂಗ ಕೇಳೂದ್ರೀ ಸರ್?” ಎಂದಳು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಸೈಬರ್ ವಂಚನೆಗೆಂದೇ ಇರುವ 1930 ಸಹಾಯವಾಣಿಗೆ ದೂರು ಕೊಟ್ಟೆವು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಾವು ಮೂರು ದಿನ ತಡವಾಗಿದ್ದೆವು. ಹಣ ಮರಳಲಿಲ್ಲ. ನನ್ನ ಪಿಂಚಣಿಯಿಂದ ಕೊಡಹೋದರೆ ಅವಳು ಒಪ್ಪಲೊಲ್ಲಳು. ಕೊನೆಗೆ, “ಲೆಕ್ಕ ತಪ್ಪಿದವನೇ ಅದನ್ನು ತಿದ್ದಬೇಕೆಂದು ನಿನಗೆ ಕಲಿಸಿದವನು ನಾನು. ಈಗ ನನಗೆ ತಿದ್ದಲು ಬಿಡು” ಎಂದ ಮೇಲೆ ತೆಗೆದುಕೊಂಡಳು.

ಮುಂದಿನ ಭಾನುವಾರ ಹುಬ್ಬಳ್ಳಿಯಲ್ಲಿ ಸಭೆ ಸೇರಿತು. ದುಬಾರಿ ತಂತ್ರಾಂಶ ಕೊಳ್ಳಬೇಕು ಎಂದು ಒಬ್ಬರು, ತಜ್ಞರನ್ನು ನೇಮಿಸಬೇಕು ಎಂದು ಇನ್ನೊಬ್ಬರು. ಎರಡಕ್ಕೂ ಸಂಸ್ಥೆಯಲ್ಲಿ ದುಡ್ಡಿಲ್ಲ. ನಾನು ಕೇಳಿದ್ದು ಒಂದೇ: “ನಮ್ಮಲ್ಲಿ ಎಷ್ಟು ಕೀಲಿಗಳಿವೆ, ಕೀಲಿಕೈಗಳು ಯಾರ ಯಾರ ಹತ್ತಿರ ಇವೆ?” ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಶಿಕ್ಷಕ ವೃತ್ತಿಯಲ್ಲಿದ್ದವರಿಗೆ ‘ಚಾರ್ಜ್ ಕೊಡುವುದು’ ಎಂದರೇನೆಂದು ಗೊತ್ತು. ವರ್ಗವಾದ ಮುಖ್ಯೋಪಾಧ್ಯಾಯ ಡೆಡ್ ಸ್ಟಾಕ್ ರಿಜಿಸ್ಟರ್ ತೆರೆದು, ಕುರ್ಚಿ, ಭೂಪಟ, ಗಂಟೆ ಎಲ್ಲವನ್ನೂ ಎಣಿಸಿ ಒಪ್ಪಿಸಿ, ಸಹಿ ಪಡೆದ ಮೇಲೆಯೇ ಬಿಡುಗಡೆ. ಅಂಥದೇ ಒಂದು ವಹಿಯನ್ನು ಸಂಸ್ಥೆಗೆ ತೆರೆದೆವು. ಮಿಂಚಂಚೆ, ಜಾಲತಾಣ, ಬ್ಯಾಂಕು, ಕಡತಗಳ ಉಗ್ರಾಣ, ದೂರವಾಣಿ ಸಂಖ್ಯೆಗಳು — ಒಂದೊಂದಕ್ಕೂ ಒಂದು ಸಾಲು, ಅದರ ಹೊಣೆಗಾರನ ಹೆಸರು. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯುವಂತಿಲ್ಲ. ಬರೆಯುತ್ತ ಹೋದಂತೆ ಗಾಬರಿಯಾಯಿತು. ಮಿಂಚಂಚೆಯ ಪಾಸ್‌ವರ್ಡು ಬದಲಿಸಿದ್ದೆವು, ಸರಿ. ಆದರೆ ಅದನ್ನು ಮರೆತಾಗ ಮರುಪಡೆಯಲು ಕೊಟ್ಟಿದ್ದ ಸಂಖ್ಯೆ ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಹುಡುಗನದು! ಒಳ್ಳೆಯ ಹುಡುಗನೇ. ಆದರೆ ಆ ಸಂಖ್ಯೆಯನ್ನು ಅವನು ಬಿಟ್ಟುಕೊಟ್ಟಿದ್ದು, ಅದು ಬೇರೊಬ್ಬನ ಕೈ ಸೇರಿದ್ದರೆ? ಅಂದಿನಿಂದ, ಕೆಲಸ ಬಿಡುವವನು ಚಾರ್ಜ್ ಕೊಟ್ಟೇ ಹೋಗಬೇಕೆಂಬ ನಿಯಮವಾಯಿತು.

ಒಂದೇ ಪಾಸ್‌ವರ್ಡನ್ನು ಐವರು ಹಂಚಿಕೊಳ್ಳುವುದು ನಿಂತಿತು. ಪ್ರತಿಯೊಬ್ಬನಿಗೂ ಅವನದೇ ಪ್ರವೇಶ, ಅದೂ ಅವನ ಕೆಲಸಕ್ಕೆ ಬೇಕಾದ ಕೋಣೆಗಷ್ಟೇ. ಪಾಸ್‌ವರ್ಡಿನ ಜೊತೆಗೆ, ಫೋನಿನಲ್ಲಿ ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಆರಂಕಿಯ ಸಂಖ್ಯೆಯೂ ಬೇಕು. ಅಂದರೆ ಅದೇ ಖಜಾನೆಯ ಜೋಡಿ ಕೀಲಿ. ಅದೂ ಅಭೇದ್ಯವಲ್ಲ. ನಕಲಿ ಪುಟದಲ್ಲಿ ಆ ಸಂಖ್ಯೆಯನ್ನೂ ನಾವೇ ತುಂಬಿದರೆ ಎರಡೂ ಕೀಲಿಕೈಗಳನ್ನು ಒಟ್ಟಿಗೆ ಕೊಟ್ಟಂತೆಯೇ. ಆದ್ದರಿಂದ ಅಂಚೆಯಲ್ಲಿ ಬಂದ ಕೊಂಡಿಯ ಮೂಲಕ ಒಳಹೋಗಬಾರದು, ವಿಳಾಸವನ್ನು ನಾವೇ ಬರೆದು ಹೋಗಬೇಕು ಎಂಬುದನ್ನು ಗೋಡೆಯ ಮೇಲೆ ಬರೆಸಿದೆವು. ಬ್ಯಾಂಕಿನಲ್ಲಿ ಒಬ್ಬ ಹಣ ಪಾವತಿಗೆ ನಮೂದಿಸಿದರೆ ಇನ್ನೊಬ್ಬ ಒಪ್ಪಬೇಕು.

ಅನಂತರ ಕಸ ಗುಡಿಸುವ ಕೆಲಸ. ಎಂದೋ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದ ಮಕ್ಕಳ ಆಧಾರ್ ಪ್ರತಿಗಳು, ಪೋಷಕರ ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರಗಳು ಕಡತಗಳಲ್ಲಿ ಹಾಗೆಯೇ ಬಿದ್ದಿದ್ದವು. ಕೆಲಸ ಮುಗಿದ ಮೇಲೆ ಅವು ನಮಗೇಕೆ? ಅಳಿಸಿದೆವು. ಇಲ್ಲದ ವಸ್ತುವನ್ನು ಯಾವ ಕಳ್ಳನೂ ಕದಿಯಲಾರ. ಅದೇ 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಮಾಹಿತಿ ಪಡೆದ ಉದ್ದೇಶ ತೀರಿದ ಮೇಲೆ ಅದನ್ನು ಇಟ್ಟುಕೊಳ್ಳಬಾರದು ಎಂದೇ ಹೇಳುತ್ತದೆ. ದಾನವಾಗಿ ಬಂದ ಗಣಕಯಂತ್ರಗಳಲ್ಲಿಯೂ ಹಿಂದಿನ ಕಚೇರಿಗಳ ಕಾಗದಪತ್ರಗಳು ಉಳಿದಿರುತ್ತಿದ್ದವು. ಬರಿದೇ ‘ಡಿಲೀಟ್’ ಒತ್ತಿದರೆ ಅವು ನಿಜವಾಗಿ ಅಳಿಯುವುದಿಲ್ಲವೆಂಬುದು ನನಗೆ ಆಗಲೇ ಗೊತ್ತಾದದ್ದು. ಪಾಠಾನುಕ್ರಮಣಿಕೆಯಲ್ಲಿ ಅಧ್ಯಾಯದ ಹೆಸರು ಹೊಡೆದುಹಾಕಿದರೆ ಪುಟಗಳು ಒಳಗೆ ಇದ್ದೇ ಇರುತ್ತವಲ್ಲ, ಹಾಗೆ. ಈಗ ಪ್ರತಿ ಯಂತ್ರದ ಡಿಸ್ಕನ್ನು ಪೂರ್ತಿ ತೊಳೆದು, ಲಿನಕ್ಸ್ ಅಳವಡಿಸಿಯೇ ಶಾಲೆಗೆ ಕೊಡುತ್ತಾರೆ.

ಸಂಚಿಕೆಗಳ ರಕ್ಷಣೆಗೆ ತಜ್ಞರು ಹೇಳುವ ‘ಮೂರು, ಎರಡು, ಒಂದು’ ಎಂಬ ಸೂತ್ರ ಹಿಡಿದೆವು: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಆ ಬೇರೆ ಊರೇ ಅಕ್ಕಿಆಲೂರು. ಒಂದು ಹಾರ್ಡ್ ಡಿಸ್ಕ್ ಈಗ ನನ್ನ ಕಪಾಟಿನಲ್ಲಿದೆ, ಯಾವ ಜಾಲಕ್ಕೂ ಜೋಡಿಸದೆ. ಆರು ತಿಂಗಳಿಗೊಮ್ಮೆ ಅದರಿಂದ ಕಡತಗಳನ್ನು ತೆರೆದು ನೋಡುವ ಪರೀಕ್ಷೆ. ಮೊದಲ ಪರೀಕ್ಷೆಯಲ್ಲಿಯೇ ನಪಾಸು! ಡಿಸ್ಕ್ ತೆರೆಯಲಿಲ್ಲ. ಬೇರೆ ಪ್ರತಿಗಳು ಇದ್ದುದರಿಂದ ಬದುಕಿದೆವು. ಬೀಜವನ್ನು ಕಣಜದಲ್ಲಿ ಇಟ್ಟರೆ ಸಾಲದು, ಬಿತ್ತುವ ಮೊದಲು ಮೊಳಕೆ ಬರುತ್ತದೆಯೇ ಎಂದು ನೋಡಬೇಕೆಂಬುದು ನಮ್ಮ ಕಡೆಯ ಯಾವ ರೈತನಿಗೆ ಗೊತ್ತಿಲ್ಲ?

ಇದೆಲ್ಲ ನಡೆದಿರುವಾಗಲೇ, 2024ರ ಅಕ್ಟೋಬರ್‌ನಲ್ಲಿ, ಜಗತ್ತೇ ಬಲ್ಲ ಸಂಸ್ಥೆಯೊಂದಕ್ಕೆ ಕನ್ನ ಬಿದ್ದಿತು. ನಿಮ್ಮಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಅಂತರಜಾಲದಲ್ಲಿ ಓದುವವರಿಗೆ ಇಂಟರ್ನೆಟ್ ಆರ್ಕೈವ್ ಗೊತ್ತಿರುತ್ತದೆ. ಬ್ರೂಸ್ಟರ್ ಕಾಹ್ಲೆ ಅಮೆರಿಕದಲ್ಲಿ 1996ರಲ್ಲಿ ಸ್ಥಾಪಿಸಿದ, ಲಾಭದ ಉದ್ದೇಶವಿಲ್ಲದ ಗ್ರಂಥಭಂಡಾರವದು. ನಮ್ಮ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ತಾಣ ಮುಚ್ಚಿದ ಮೇಲೂ ಅದರ ಕನ್ನಡ ಪುಸ್ತಕಗಳು ನಮಗೆ ಇಂದಿಗೂ ಸಿಗುವುದು ಅವುಗಳ ಪ್ರತಿಗಳು ಅಲ್ಲಿ ಸೇರಿದ್ದುದರಿಂದಲೇ. ಆ ಭಂಡಾರದ ಸುಮಾರು 3.1 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. ತಾಣ ಹಲವು ದಿನ ಮುಚ್ಚಿತ್ತು. ಪುಣ್ಯಕ್ಕೆ ಪಾಸ್‌ವರ್ಡುಗಳನ್ನು ಇದ್ದಂತೆಯೇ ಇಡದೆ ಗಣಿತದ ಬೀಸುವ ಕಲ್ಲಿನಲ್ಲಿ ಅರೆದು ಇಟ್ಟಿದ್ದರು. ಹಿಟ್ಟನ್ನು ಮರಳಿ ಜೋಳ ಮಾಡುವುದು ಸುಲಭವಲ್ಲ. ಆದರೆ ಕೆಲವೇ ದಿನಗಳಲ್ಲಿ, ಅಕ್ಟೋಬರ್ 20ರಂದು, ಅದೇ ಸಂಸ್ಥೆಯ ಸಹಾಯಕೇಂದ್ರದ ಹೆಸರಿನಲ್ಲಿ ಜನರಿಗೆ ಅಂಚೆಗಳು ಬಂದವು. ಕಳುವಾದ ಕೀಲಿಕೈಗಳಲ್ಲಿ ಕೆಲವನ್ನು ಬದಲಿಸದೆ ಉಳಿಸಿದ್ದರಿಂದ ಕನ್ನಗಳ್ಳರು ಮತ್ತೆ ಒಳಹೊಕ್ಕಿದ್ದರು. ಓದಿದಾಗ, ಕೆಲಸ ಬಿಟ್ಟ ಹುಡುಗನ ಆ ಫೋನ್ ಸಂಖ್ಯೆ ನೆನಪಾಯಿತು. ಅಷ್ಟು ದೊಡ್ಡ ಸಂಸ್ಥೆಗೂ ನಮ್ಮಂಥ ಪುಟ್ಟ ಸಂಸ್ಥೆಗೂ ಒಂದೇ ಪಾಠ: ಕಳವಾದ ಮೇಲೆ ಮುಂಬಾಗಿಲಿನ ಕೀಲಿಯನ್ನಷ್ಟೇ ಬದಲಿಸಿ ಮಲಗಬಾರದು, ಹಿತ್ತಿಲ ಬಾಗಿಲನ್ನೂ ನೋಡಬೇಕು.

ಈಗ ಸಂಸ್ಥೆ ಮೊದಲಿಗಿಂತ ಗಟ್ಟಿಯಾಗಿದೆ. ಖರ್ಚಾದದ್ದು ಎರಡು ಡಿಸ್ಕುಗಳಿಗಷ್ಟೇ, ಉಳಿದದ್ದೆಲ್ಲ ರೂಢಿ. ತಪ್ಪಿ ಕೊಂಡಿ ಒತ್ತಿದವನನ್ನು ಬೈಯಬಾರದೆಂಬುದೂ ಈಗ ಒಂದು ನಿಯಮ. ಬೈದರೆ ಮುಂದಿನವನು ಮುಚ್ಚಿಡುತ್ತಾನೆ, ಮುಚ್ಚಿಟ್ಟ ಪ್ರತಿ ಗಳಿಗೆಯೂ ಕಳ್ಳನಿಗೆ ಲಾಭ. ನನ್ನನ್ನು ಯಾರೂ ಬೈಯಲಿಲ್ಲ. ಆ ಸೌಜನ್ಯವನ್ನು ನಾನು ತರಗತಿಯಲ್ಲಿ ನಿಮಗೆ ಎಷ್ಟು ಸಲ ತೋರಿಸಿದ್ದೆನೋ!

ಆದರೆ ಒಂದು ಕಿಂಡಿ ಮಾತ್ರ ಯಾವ ವಹಿಗೂ ಸಿಕ್ಕಿಲ್ಲ. “ಗುರುಗಳು ಕೇಳ್ಯಾರ ಅಂದ್ರ ಯಾಕ ಅಂತ ಹೆಂಗ ಕೇಳೂದ್ರೀ?” ಎಂಬ ಆ ಮಾತು. ಕಳ್ಳರು ನನ್ನ ಪಾಸ್‌ವರ್ಡಿನಿಂದ ಪಟ್ಟಿಯನ್ನು ತೆಗೆದರು. ಅವಳ ಹಣವನ್ನು ತೆಗೆದದ್ದು ಅವಳ ಗೌರವದಿಂದ. ಆ ಗೌರವವನ್ನು ಪ್ರಶ್ನೆ ಕೇಳದಿರುವುದೆಂದು ಕಲಿಸಿದವರು ಯಾರು? ಮೂವತ್ತಕ್ಕೂ ಹೆಚ್ಚು ವರ್ಷ “ಎದುರು ಮಾತಾಡಬೇಡ, ಹೇಳಿದಷ್ಟು ಮಾಡು” ಎಂದ ನಾನೇ ಅಲ್ಲವೇ?

ಇನ್ನು ಮುಂದೆ ವ್ಯಾಕರಣವೂ ನಿಮ್ಮನ್ನು ಕಾಯಲಾರದು. ಯಂತ್ರಗಳು ಈಗ ತಪ್ಪಿಲ್ಲದ ಕನ್ನಡ ಬರೆಯುತ್ತವೆ. ಸ್ವಲ್ಪ ಧ್ವನಿಮುದ್ರಣ ಸಿಕ್ಕರೆ ನನ್ನ ಕೆಮ್ಮನ್ನೂ ಸೇರಿಸಿ ನನ್ನಂತೆಯೇ ಮಾತಾಡಬಲ್ಲವು. ಆದ್ದರಿಂದ ಕೊನೆಯದೊಂದು ಮನೆಗೆಲಸ ಕೊಡುತ್ತೇನೆ. ನನ್ನ ಹೆಸರಿನಲ್ಲಿಯಾಗಲಿ, ಬೇರೆ ಯಾವ ಹಿರಿಯರ ಹೆಸರಿನಲ್ಲಿಯಾಗಲಿ ಹಣದ ಕೋರಿಕೆ ಬಂದರೆ ಫೋನ್ ಇಡಿ. ನಿಮ್ಮಲ್ಲಿ ಮೊದಲಿನಿಂದ ಇರುವ ಸಂಖ್ಯೆಗೆ ನೀವೇ ಕರೆಮಾಡಿ. ತರಗತಿಯಲ್ಲಿದ್ದವರಿಗಷ್ಟೇ ಗೊತ್ತಿರುವ ಏನನ್ನಾದರೂ ಕೇಳಿ. ನಾನು ಸಿಟ್ಟಾಗುವುದಿಲ್ಲ. ಹೊಲಿಗೆಯ ಆ ಹೆಣ್ಣುಮಗಳು ಹೋದ ತಿಂಗಳು ಕರೆಮಾಡಿ, ನಾನು ‘ಹಲೋ’ ಎನ್ನುತ್ತಲೇ ಕೇಳಿದಳು: “ಮೊದಲ ಹೇಳ್ರೀ ಸರ್, ಹತ್ತನೇತ್ತೆಯೊಳಗ ನನ್ನ ಬೆಂಚು ಯಾವ ಕಡೆ ಇತ್ತು?”

“ಕಿಟಕಿಯ ಕಡೆ, ಎರಡನೆಯದು” ಎಂದೆ.

“ಹಂಗಾರ ನೀವರೀ” ಎಂದಳು. ಅಷ್ಟು ವರ್ಷಗಳಲ್ಲಿ ಅವಳು ನನಗೆ ಕೇಳಿದ ಮೊದಲ ಪ್ರಶ್ನೆ ಅದು.