ತಮ್ಮನ ಗುಳಿಗೆ

ನನ್ನ ತಮ್ಮ 2ನೇ ತರಗತಿ. ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಬೆಳಿಗ್ಗೆ ಅವನ ಕಣ್ಣಿನ ಸುತ್ತ ಬಾತುಕೊಂಡಿತ್ತು. "ಹುಳ ಕಚ್ಚಿರಬೇಕು" ಅಂದರು ಅಜ್ಜಿ. ಆಮೇಲೆ ಕಾಲು, ಹೊಟ್ಟೆಯೂ ಊದಿದವು. ಮೂತ್ರದಲ್ಲಿ ನೊರೆ ಬರುತ್ತಿತ್ತು.

ಇದು ನೆಫ್ರೋಟಿಕ್ ಸಿಂಡ್ರೋಮ್, ರಕ್ತದ ಪ್ರೋಟೀನು ಮೂತ್ರಪಿಂಡದಿಂದ ಸೋರಿ ಹೋಗುತ್ತಿದೆ ಎಂದು ಡಾಕ್ಟರು ಹೇಳಿದರು. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಬರೆದುಕೊಟ್ಟರು. ಅಮ್ಮ ಕೂಲಿಗೆ ಹೋಗುವುದರಿಂದ ಗುಳಿಗೆ ಕೊಡುವ ಕೆಲಸ ನನ್ನದು. ಕೊಟ್ಟ ದಿನವೆಲ್ಲ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ.

6 ವಾರವಾದರೂ ಪ್ರೋಟೀನು ಹೋಗುವುದು ನಿಲ್ಲಲಿಲ್ಲ. "ಇವಳೇ ಸರಿಯಾಗಿ ಕೊಟ್ಟಿಲ್ಲ" ಎಂದು ಮನೆಯಲ್ಲಿ ಬೈದರು. ಹಿತ್ತಲಲ್ಲಿ ಅಳುತ್ತಾ ಕೂತೆ.

ಆಸ್ಪತ್ರೆಗೆ ಕ್ಯಾಲೆಂಡರನ್ನೇ ತಗೊಂಡು ಹೋದೆ. ಡಾಕ್ಟರು ಗೀಟು ಎಣಿಸಿ, "ನಿನ್ನ ತಪ್ಪಲ್ಲಮ್ಮ. 10 ಮಕ್ಕಳಲ್ಲಿ 8–9 ಮಕ್ಕಳಿಗೆ ಈ ಗುಳಿಗೆ ಹಿಡಿಯುತ್ತದೆ. ಉಳಿದವರಿಗೆ ಹಿಡಿಯುವುದಿಲ್ಲ" ಎಂದರು. ಸೂಜಿಯಿಂದ ಮೂತ್ರಪಿಂಡದ ಚೂರು ತೆಗೆದು ಪರೀಕ್ಷೆ ಮಾಡಿ, ಟ್ಯಾಕ್ರೋಲಿಮಸ್ ಎಂಬ ಬೇರೆ ಔಷಧಿ ಶುರುಮಾಡಿದರು. ಈಗ ಪ್ರೋಟೀನು ಕಡಿಮೆಯಾಗಿದೆ. ದಿನಕ್ಕೆ ಎರಡು ಸಲ ಕೊಡಬೇಕು, ಅದಕ್ಕೆ ಎರಡು ಗೀಟು ಹಾಕುತ್ತೇನೆ.

ಗೆಳೆಯರೇ, ಅವನ ಮುಖ ಗುಂಡಗಾಗಿದ್ದು ಸ್ಟೀರಾಯ್ಡಿನಿಂದ. ದಯವಿಟ್ಟು "ಬೋಂಡ" ಅನ್ನಬೇಡಿ. ಮೊದಮೊದಲು ನಾನೂ ನಕ್ಕಿದ್ದೆ.